ರಂಧ್ರ ಕೊರೆದ ಮೀನುತೊಟ್ಟಿಯೂ ನೀರು ಜಿನುಗದ ಜೋಡಣೆಯೂ

ಮೀನು ಸಾಕುವವರಲ್ಲಿ ಕೆಲವರು ನೀರಿನ ಶೋಧಕವನ್ನು ಗಾಜಿನ ತೊಟ್ಟಿಯೊಳಗೆ ಇಡದೆ, ಅದರ ಕೆಳಗಿನ ಬೇರೊಂದು ತೊಟ್ಟಿಯಲ್ಲಿ ಇರಿಸುವರು. ಮೇಲಿನ ನೀರು ಕೆಳಗಿಳಿಯಲು ಗಾಜಿನಲ್ಲಿ ರಂಧ್ರ ಕೊರೆದು ಕೊಳವೆಯನ್ನು ಕೂಡಿಸಬೇಕಾಗುವುದು. ಇದಕ್ಕೆ ಬೇಕಾದ ಉಪಕರಣವನ್ನು ಕೊಳಾಯಿ ಕೆಲಸದವರು ಟ್ಯಾಂಕ್ ನಿಪ್ಪಲ್ ಎನ್ನುವರು. ಒಂದು ತುದಿಯಲ್ಲಿ ಅಗಲವಾದ ಅಂಚು, ಮೈಮೇಲೆ ತಿರುಪು ಇರುವ ಪ್ಲಾಸ್ಟಿಕ್ ಕೊಳವೆ, ಒಂದು ರಬ್ಬರ್ ವಾಷರು, ಒಂದು ನಟ್ಟು. ಅದರ ಅಂಗಗಳು ಇಷ್ಟೆ.

ನಮ್ಮ ಕಾಲೇಜಿನ ಪ್ರಯೋಗಶಾಲೆಯ ತೊಟ್ಟಿಯೊಂದರಲ್ಲಿ ಇಂಥ ಜೋಡಣೆ ಜಿನುಗಿದಾಗ, ನಾನು ಪಾನಾ ಹಿಡಿದು ನಟ್ಟನ್ನು ಬಲವಾಗಿ ಬಿಗಿದೆನು. ಗಾಜು ಸೀಳಿತು. ಪ್ರತಿದಿನವೂ ಒತ್ತಡದ ಪಾಠ ಹೇಳುವವನು ಮೊದಲು ಲೆಕ್ಕ ಮಾಡಬೇಕಾಗಿತ್ತು!

ಆ ಲೆಕ್ಕವನ್ನು ಈಗ ಮಾಡೋಣ. ರಂಧ್ರದ ಮೇಲೆ 45 ಸೆಂಟಿಮೀಟರು ನೀರಿದೆಯೆನ್ನಿ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಬೀಳುವ ಒತ್ತಡ 45 ಗ್ರಾಮಿನ ತೂಕದಷ್ಟು. ತೊಟ್ಟಿ ಎಷ್ಟು ಉದ್ದ, ಎಷ್ಟು ಅಗಲ ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು, ಆಳವೊಂದೇ ಮುಖ್ಯ. ರಂಧ್ರದ ವ್ಯಾಸ 4 ಸೆಂಟಿಮೀಟರಾದರೆ ಅದರ ಕ್ಷೇತ್ರ ಸುಮಾರು 12.5 ಚದರ ಸೆಂಟಿಮೀಟರು. ಆದುದರಿಂದ ಜೋಡಣೆಯನ್ನು ಹೊರಕ್ಕೆ ತಳ್ಳುವ ಬಲ ಅರ್ಧ ಕಿಲೋಗ್ರಾಮಿನ ತೂಕಕ್ಕಿಂತ ತುಸುವೇ ಹೆಚ್ಚು. ಇದನ್ನು ತಡೆಯಲು ಪಾನಾ ಏಕೆ ಬೇಕು? ಕೈಯಿಂದ ಬಿಗಿದು, ಬಳಿಕ ಕಾಲು ಸುತ್ತು ತಿರುಗಿಸಿದರೆ ಸಾಕು.

ಹಾಗಾದರೆ ನೀರು ಜಿನುಗುವುದೇಕೆ? ಅದಕ್ಕೆ ಬೇಕಾದುದು ಬಲವಲ್ಲ, ದಾರಿ. ಕೂದಲೆಳೆಯಷ್ಟು ಸಂದು ದೊರೆತರೂ ಸೆಕೆಂಡಿಗೆ ಒಂದು ಹನಿ ಬೀಳಬಹುದು. 20 ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು! ಮೆತ್ತನೆಯ ರಬ್ಬರು ಗಾಜಿನ ಉಬ್ಬುತಗ್ಗುಗಳಿಗೆ ಅಂಟಿ ಕುಳಿತು ಈ ದಾರಿಯನ್ನು ಮುಚ್ಚುವುದು. ವಾಷರಿನ ಕೆಳಗೆ ಸಿಕ್ಕಿಕೊಂಡ ಒಂದು ಮರಳಿನ ಕಣ ಅದನ್ನು ಮತ್ತೆ ತೆರೆದುಬಿಡುವುದು. ಆದುದರಿಂದ ಬಿಗಿಯುವ ಮುನ್ನ ಒರೆಸಬೇಕು.

ವಾಷರನ್ನು ಯಾವ ಕಡೆ ಇಡಬೇಕೆಂಬುದರಲ್ಲಿಯೇ ಹಲವರು ತಪ್ಪುವರು. ಅದು ಅಗಲವಾದ ಅಂಚಿಗೂ ಗಾಜಿಗೂ ನಡುವೆ ಇರತಕ್ಕದ್ದು. ಅಂಚು ತೊಟ್ಟಿಯ ಒಳಗಿದ್ದರೆ ನೀರು ರಂಧ್ರವನ್ನು ಸೇರುವ ಮೊದಲೇ ತಡೆಯಲ್ಪಡುವುದು. ಹಾಗಲ್ಲದೆ ವಾಷರನ್ನು ಹೊರಗೆ ನಟ್ಟಿನಡಿಯಲ್ಲಿ ಇಟ್ಟೆವೆನ್ನಿ. ನೀರು ಅಂಚಿನಡಿಯಿಂದ ನುಸುಳಿ, ರಂಧ್ರವನ್ನು ಹೊಕ್ಕು, ತಿರುಪಿನ ಸುತ್ತುಗಳನ್ನೇ ಏಣಿಮೆಟ್ಟಲಾಗಿ ಮಾಡಿಕೊಂಡು ನಟ್ಟನ್ನು ದಾಟುವುದು. ಈ ತಿರುಪು ಉದ್ದಕ್ಕೂ ಒಂದೇ ದಪ್ಪದ್ದು. ಅದರ ಕೆಲಸ ಹಿಡಿದಿಡುವುದು, ನೀರು ತಡೆಯುವುದಲ್ಲ. ಅದಕ್ಕೆ ಟೆಫ್ಲಾನ್ ಪಟ್ಟಿ ಸುತ್ತುವುದು ವ್ಯರ್ಥ.

ಕೊಳವೆಯ ಇನ್ನೊಂದು ತುದಿಗೆ ಕೂಡಿಸುವ ನಲ್ಲಿಯ ತಿರುಪು ಸಾಮಾನ್ಯವಾಗಿ ತುದಿಗೆ ಕಿರಿದಾಗುತ್ತ ಹೋಗುವುದು. ಅಲ್ಲಿ ಟೆಫ್ಲಾನ್ ಪಟ್ಟಿಗೆ ಕೆಲಸವುಂಟು. ಆದರೆ ಅಂಥ ತಿರುಪು ಬೆಣೆಯೂ ಹೌದು; ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಬಿರಿಯುವುದು. ಕೊಳ್ಳುವಾಗ ಮತ್ತೊಂದನ್ನು ಗಮನಿಸಿ. ನಮ್ಮ ಅಂಗಡಿಗಳ ನಲ್ಲಿಗಳಿಗೆ ಬ್ರಿಟಿಷ್ ಮಾದರಿಯ ಬಿ.ಎಸ್.ಪಿ. ತಿರುಪು, ಅದರ ಕೋನ 55 ಡಿಗ್ರಿ. ಅಮೆರಿಕದ ಎನ್.ಪಿ.ಟಿ. ತಿರುಪಿಗೆ 60 ಡಿಗ್ರಿ. ಅರ್ಧ ಇಂಚಿನವು ಒಂದರಲ್ಲೊಂದು ಕೂರುವಂತೆ ತೋರಿದರೂ ಸರಿಯಾಗಿ ಹೊಂದಲಾರವು. ಶಾಶ್ವತವಾದ ಜೋಡಣೆಗೆ ಅಂಟಿನಿಂದ ಕೂಡಿಸುವ ಬಗೆಯೇ ಮೇಲೆಂದು ನನ್ನ ಅಭಿಪ್ರಾಯ.

ಟ್ಯಾಂಕ್ ನಿಪ್ಪಲನ್ನು ಮೊದಲು ಕೊಂಡು, ಅದರ ಅಳತೆಗೆ ರಂಧ್ರ ಕೊರೆಯಿರಿ. ಅದಕ್ಕೂ ಮುನ್ನ ಗಾಜು ಯಾವ ಜಾತಿಯದೆಂದು ತಿಳಿಯಬೇಕು. ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜಿನ ಹೊರಮೈ ಒತ್ತಡದಲ್ಲಿಯೂ ಒಳಭಾಗ ಸೆಳೆತದಲ್ಲಿಯೂ ಇರುವುವು. ಕೊರೆದರೆ ಇಡೀ ಹಲಗೆ ಚೂರುಚೂರಾಗುವುದು. ಖಾಲಿ ತೊಟ್ಟಿಯ ಗಾಜಿನ ಹಿಂದೆ, ಹೊತ್ತಿಸಿದ ಎಲ್.ಸಿ.ಡಿ. ಪರದೆಯನ್ನು ಇಟ್ಟು, ಪೋಲರಾಯ್ಡ್ ಕನ್ನಡಕದ ಮೂಲಕ ನೋಡುತ್ತ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಗಾಜಿನಲ್ಲಿ ಬೆಳಕಿನ ಪಟ್ಟೆಗಳೋ ಮಚ್ಚೆಗಳೋ ಮೂಡಿದರೆ ಕೊರೆಯಬೇಡಿ.

ಜೋಡಿಸಿದ ಮೇಲೆ ತೊಟ್ಟಿಗೆ ನೀರು ತುಂಬಿ, ಕೆಳಗೆ ಒಣ ಕಾಗದ ಹಾಸಿ, ಒಂದು ದಿನ ಬಿಡಿ. ಮೀನುಗಳು ಅಲ್ಲಿಯವರೆಗೆ ಹಳೆಯ ತೊಟ್ಟಿಯಲ್ಲಿಯೇ ಇರಲಿ.