ಕ್ಲಚ್ ಬದಲಿಸಿದ ಮೇಲಿನ ಸದ್ದು ಮತ್ತು ಗೇರ್ ಬಿಗಿತ

ಹೊಸ ಕ್ಲಚ್ ಕೂರಿಸಿದ ಮೇಲೆ ಕೇಳಿಸುವ ಸದ್ದಿನ ಮೂಲವನ್ನು ಪೆಡಲೇ ಹೇಳಿಬಿಡುತ್ತದೆ. ಕಾರು ನ್ಯೂಟ್ರಲ್‌ನಲ್ಲಿದ್ದು ಎಂಜಿನ್ ಓಡುತ್ತಿರುವಾಗ, ಪೆಡಲ್ ಒತ್ತಿದೊಡನೆ ಕಿರುಗುಟ್ಟಿದರೆ ಅನುಮಾನ ರಿಲೀಸ್ ಬೇರಿಂಗ್ ಮೇಲೆ. ಹಳೆಯ ಬೇರಿಂಗ್ ಉಳಿಸಿ ಡಿಸ್ಕ್ ಮಾತ್ರ ಬದಲಿಸಿದರೆ ಹೀಗಾಗುವುದುಂಟು. ಆ ಉಳಿತಾಯ ಖಂಡಿತ ಸಲ್ಲದು: ಅದೊಂದಕ್ಕಾಗಿ ಗೇರ್‌ಬಾಕ್ಸನ್ನೇ ಮತ್ತೆ ಇಳಿಸಬೇಕಾಗುತ್ತದೆ. ಪೆಡಲ್ ಬಿಟ್ಟಾಗ ಇದ್ದು, ಒತ್ತಿದಾಗ ನಿಲ್ಲುವ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್‌ನದು. ಮುಂಚಕ್ರ ಚಾಲನೆಯ ಕಾರುಗಳಲ್ಲಿ ಡ್ರೈವ್ ಶಾಫ್ಟ್ ಬಿಚ್ಚುವಾಗ ಗೇರ್ ಆಯಿಲ್ ಹೊರಬರುತ್ತದೆ. ಹಾಗಾಗಿ ಈ ಸದ್ದು ಕೇಳಿಸಿದರೆ, ಅದನ್ನು ಸರಿಯಾದ ಮಟ್ಟಕ್ಕೆ ತುಂಬಿದ್ದಾರೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಬೇಕು.

ಗೇರ್ ಬಿಗಿತಕ್ಕೆ ಪರೀಕ್ಷೆ ಸರಳ. ಎಂಜಿನ್ ಆರಿಸಿದಾಗ ಗೇರುಗಳು ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಬಿಗಿಯಾದರೆ, ರಿವರ್ಸ್ ಕರಕರ ಎಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ, ಸಡಿಲ ಕೇಬಲ್, ಹಿಂದುಮುಂದಾಗಿ ಕೂತ ಡಿಸ್ಕ್, ಇಲ್ಲವೇ ಜೋಡಿಸುವಾಗ ಗೇರ್‌ಬಾಕ್ಸ್‌ನ ಭಾರ ಬಿದ್ದು ಬಾಗಿದ ಡಿಸ್ಕ್ ಕಾರಣವಿರಬಹುದು. ಮೊದಲೆರಡು ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸದೆಯೇ ಸರಿಹೋಗುತ್ತವೆ. ಎಂಜಿನ್ ಆರಿಸಿದಾಗಲೂ ಬಿಗಿತ ಉಳಿದರೆ ಗೇರ್ ಲಿವರ್‌ನ ಕೇಬಲ್ ಅಥವಾ ಲಿಂಕೇಜ್ ಹೊಂದಾಣಿಕೆ ತಪ್ಪಿರಬಹುದು. ದೋಷ ಸಿಗುವವರೆಗೆ ಗೇರನ್ನು ಬಲವಂತವಾಗಿ ತಳ್ಳಬಾರದು. ಗೇರಿನ ಹಲ್ಲು, ಸಿಂಕ್ರೊನೈಸರ್ ರಿಂಗ್ ಎರಡೂ ಸವೆಯುತ್ತವೆ.