ಪ್ರಾಯದವರ ಲೆಕ್ಕದ ಪಾಠ



ಬಾಲ್ಯದಲ್ಲಿ ಶಾಲೆ ಬಿಟ್ಟು ನಡುವಯಸ್ಸಿನಲ್ಲಿ ಮತ್ತೆ ಪಾಟಿ ಹಿಡಿಯುವವರ ದೊಡ್ಡ ದುಃಖವು ಲೆಕ್ಕ ತಿಳಿಯದೆಂಬುದಲ್ಲ. ತಿಳಿದ ಲೆಕ್ಕವು ನಿಲ್ಲದೆಂಬುದೇ. ಇಂದು ಬಂದದ್ದನ್ನು ನಾಳೆ ಮರೆತು, ಅವರು ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ. ಆ ನಿಂದೆಯು ನ್ಯಾಯವಲ್ಲವೆಂದು ತೋರಿಸುವದೇ ಈ ಲೇಖನದ ಉದ್ದೇಶವು.

ಯಲ್ಲಾಪುರ ತಾಲೂಕಿನ ಕಿರವತ್ತಿಯಲ್ಲಿ ಎಮ್ಮೆ ಸಾಕಿ ಹಾಲು ಮಾರುವ ತಾಯಿಯೊಬ್ಬರಿಗೆ ನಾವು ಸಂಜೆಯ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದೆವು. ಮಹಿಳಾ ಸಂಘದ ಸಾಲದ ಪುಸ್ತಕವನ್ನು ತಾವೇ ತಾಳೆ ನೋಡಿ ಸಹಿ ಮಾಡಬೇಕೆಂಬುದು ಅವರ ಆಸೆ. ಲೀಟರಿಗೆ 40 ರೂಪಾಯಿಯಂತೆ ಮೂರೂವರೆ ಲೀಟರಿಗೆ ಎಷ್ಟೆಂದರೆ, ಮೂರಕ್ಕೆ 120, ಅರೆಗೆ 20 ಎಂದು ಬಿಡಿಸಿ, ಕ್ಷಣದಲ್ಲಿ 140 ಎನ್ನುವರು. ಅದನ್ನೇ 3.5 × 40 ಎಂದು ಬರೆದುಕೊಟ್ಟಾಗ ಬಿಂದುವನ್ನು ಮರೆತು 1400 ಎಂದು ಬರೆದರು. ಅದು ಹಿಂದಿನ ವಾರದ ಪಾಠವಾದ್ದರಿಂದ ನಾವು ತಾಳ್ಮೆಗೆಟ್ಟು, “ಮೊನ್ನೆ ತಾನೇ ಹೇಳಿದ್ದೆವಲ್ಲ” ಎಂದೆವು. “ನನ್ನ ತಲೇಲಿ ನಿಲ್ಲೋದಿಲ್ಲ ಅಕ್ಕೋರೆ” ಎಂದು ಅವರು ಎದ್ದುಹೋದರು. ಎರಡು ವಾರ ಪಾಠಕ್ಕೆ ಬರಲೇ ಇಲ್ಲ.

ತಪ್ಪು ನಮ್ಮದೇ ಆಗಿತ್ತು. ಅವರ ಮನೆಗೆ ಹೋಗಿ, “ಮೂರೂವರೆ ಲೀಟರಿಗೆ 1400 ರೂಪಾಯಿ ಯಾರಾದರೂ ಕೊಟ್ಟಾರೇ?” ಎಂದು ಕೇಳಿದೆವು. ಅವರು ನಕ್ಕು, “ಕೊಟ್ಟಿದ್ರೆ ಕೊಟ್ಟಿಗೆಗೆ ಹೊಸ ಹಂಚು ಹೊದಿಸ್ತಿದ್ದೆ” ಎಂದರು. ಅಲ್ಲಿಂದಲೇ ಪಾಠವು ಮತ್ತೆ ಮೊದಲಾಯಿತು. ಯಾಕಂದರೆ, ಉತ್ತರವು ಸಲ್ಲುವದೋ ಇಲ್ಲವೋ ಎಂದು ಅಳೆಯುವ ಅನುಭವವು ಮಕ್ಕಳಿಗಿಂತ ಪ್ರಾಯದವರಿಗೆ ಹೆಚ್ಚು.

ಬ್ರಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿದ ಪಂಡಿತರು, ವ್ಯಾಪಾರದಲ್ಲಿ ತಪ್ಪದ ಲೆಕ್ಕವು ಕಾಗದದ ಮೇಲೆ ತಪ್ಪುವದೆಂದು 1985ರಲ್ಲಿ ಪ್ರಕಟಿಸಿದರು. ಲೆಕ್ಕವು ಅದೇ, ಉಡುಪು ಮಾತ್ರ ಬೇರೆ. ನಮ್ಮ ನಾಲಿಗೆಯ ಮೇಲಿರುವ ಕಾಲು, ಅರೆ, ಮುಕ್ಕಾಲುಗಳೇ ಪುಸ್ತಕದ 0.25, 0.5, 0.75. ದಶಮಾಂಶ ನಾಣ್ಯವು 1957ರ ಏಪ್ರಿಲ್ 1ರಂದು ಬಂದ ಮೇಲೂ ಜನರು 25 ಪೈಸೆಯನ್ನು ನಾಲ್ಕಾಣೆಯೆಂದೇ ಕರೆದರು. ಹಳೆಯದರ ಕೈ ಹಿಡಿದೇ ಹೊಸದನ್ನು ಕಲಿತರು.

ಇನ್ನು ಮರೆವಿನ ಸಂಗತಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ತಮ್ಮ ಮರೆವನ್ನು ಅಳೆದು, 1885ರಲ್ಲಿ ಗ್ರಂಥ ಬರೆದರು. ಕಲಿತದ್ದರಲ್ಲಿ ಬಹುಭಾಗವು ಮೊದಲ ದಿನದೊಳಗೇ ಜಾರುವದೆಂದೂ, ಆದರೆ ಅದನ್ನೇ ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕೆಂದೂ ಕಂಡುಕೊಂಡರು. ಆದುದರಿಂದ ಮರೆತದ್ದು ಪೂರಾ ಅಳಿದದ್ದಲ್ಲ.

ಕಲಿಯುವವರಿಗೆ ನಾವು ಈಗ ಹೇಳುವ ಕ್ರಮವಿದು. ಒಂದು ದಿನಕ್ಕೆ ಒಂದೇ ಹೊಸ ಲೆಕ್ಕ. ಅದನ್ನು ಮರುದಿನವೂ, ಮೂರನೆಯ ದಿನವೂ, ವಾರದ ಮೇಲೂ ಪುಸ್ತಕ ಮುಚ್ಚಿ ಮಾಡುವದು. ಬಾರದಿದ್ದರೆ ಮಾತ್ರ ತೆರೆದು ನೋಡುವದು. ಬರೆಯುವ ಮೊದಲು ಉತ್ತರವು ಸುಮಾರು ಎಷ್ಟೆಂದು ಬಾಯಲ್ಲಿ ಹೇಳುವದು. ಉದಾಹರಣೆಗೆ, 2.75 × 40 ಎಂಬುದು ಮೂರು ಲೀಟರಿನ 120ಕ್ಕಿಂತ ಕಡಿಮೆಯಾಗಲೇಬೇಕು. ಕಾಲು ಲೀಟರಿನ 10 ಕಳೆದರೆ 110.

ಆ ತಾಯಿಯವರು ದಶಕ ತೆಗೆದುಕೊಂಡು ಕಳೆಯುವದನ್ನು ಈಗಲೂ ಒಮ್ಮೊಮ್ಮೆ ಮರೆಯುತ್ತಾರೆ. ಆದರೆ 5000 ರೂಪಾಯಿಯ ಸಾಲದಲ್ಲಿ 1250 ಕಟ್ಟಿದ ದಿನ, ಬಾಕಿ 3750 ಎಂದು ತಾವೇ ಬರೆದು ನೋಡಿ, ಪುಸ್ತಕದೊಡನೆ ಹೋಲಿಸಿ, ಬಳಿಕವೇ ಸಹಿ ಮಾಡಿದರು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿಯೂ ತಾಯಿಯೋ ಅತ್ತೆಯೋ ಲೆಕ್ಕದ ಪುಸ್ತಕವನ್ನು ಮೆಲ್ಲನೆ ಮುಚ್ಚಿಡುತ್ತಿರಬಹುದು. ದಿನಕ್ಕೆ ಹತ್ತು ನಿಮಿಷ ಅವರ ಬಳಿಯಲ್ಲಿ ಕೂತುಕೊಳ್ಳಿರಿ. ನಾವು ಆಡಿದ ಆ ಮಾತನ್ನು ಮಾತ್ರ ನೀವು ಆಡದಿರಿ.