ಹೆಂಚಿನ ನೆಲ: ಸಂದು ತುಂಬುವವರಿಗೂ ಎಣ್ಣೆ ಹಚ್ಚುವವರಿಗೂ

ಪಾಳ್ಯ ಹೋಬಳಿಯಲ್ಲಿ ಮನೆ, ಹೋಂಸ್ಟೇ ಕಟ್ಟಿಸಿ ನೆಲಕ್ಕೆ ಸುಟ್ಟ ಮಣ್ಣಿನ ಹೆಂಚು ಹಾಸುತ್ತಿರುವವರೆಲ್ಲರ ಗಮನಕ್ಕೆ. ಗಾರೆ ಮೇಸ್ತ್ರಿಗಳೂ ಓದಿ; ಅವರಿಗೆ ಪುರುಸೊತ್ತಿಲ್ಲದಿದ್ದರೆ ಮನೆಯವರು ಓದಿ ಹೇಳಿ. ಹೆಂಚು ಕೂರಿಸುವುದರಲ್ಲಿ ನಮ್ಮವರ ಕೈ ಪಳಗಿದೆ. ನೆಲ ಕೆಡುವುದು ಅದಾದ ಮೇಲೆ, ಸಂದು ತುಂಬುವಾಗ ಮತ್ತು ಹೊಳಪಿನ ಆಸೆಗೆ ಬಿದ್ದಾಗ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಘಟ್ಟ ಹತ್ತಿ ಬಂದ ಮಂಗಳೂರು ಹೆಂಚು ನಮ್ಮ ಸೂರಿನ ಮೇಲೆ ಎಷ್ಟೋ ಮಳೆಗಾಲ ಕಳೆದಿದೆ. ಸೂರಿನ ಮೇಲೆ ತಾಳಿದ್ದು ನೆಲದಲ್ಲಿ ತಾಳದೇ ಎಂದು ಕೇಳುವವರಿದ್ದಾರೆ. ತಾಳುತ್ತದೆ, ಲೆಕ್ಕ ಮಾತ್ರ ಬೇರೆ. ಸೂರಿನ ಹೆಂಚಿಗೆ ಮೇಲೂ ಗಾಳಿ, ಕೆಳಗೂ ಗಾಳಿ, ಜೊತೆಗೆ ಒಲೆಯ ಬಿಸಿ. ನೆಲದ ಹೆಂಚಿಗೆ ಕೆಳಗೆ ಗಾರೆ, ಅದರ ಕೆಳಗೆ ಹಸಿ ಮಣ್ಣು. ಕುಡಿದ ನೀರು ಹೊರಗೆ ಬರಲು ಅದಕ್ಕಿರುವುದು ಒಂದೇ ಮುಖ. ಆ ಮುಖ ಮುಚ್ಚಬಾರದು. ಕೆಳಗಿನ ಬೇಕು ಬೇಡಗಳೆಲ್ಲ ಈ ಒಂದು ಕಾರಣಕ್ಕೇ.

ಕೊಳ್ಳುವಾಗ

ನೆಲದ ಹೆಂಚಿಗೆಂದೇ ಭಾರತೀಯ ಮಾನಕ 1478 ಇದೆ. ನೀರು ಹೀರುವ ಪ್ರಮಾಣ ನೋಡಿ ಮೂರು ದರ್ಜೆ ಮಾಡಿದ್ದಾರೆ. ಕಡಿಮೆ ಹೀರುವ ಒಂದನೇ ದರ್ಜೆಯದನ್ನೇ ಕೇಳಿ. ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದಿಪ್ಪತ್ತು ಹೆಂಚು ಹೆಚ್ಚೇ ತನ್ನಿ.

ಕಾಲ

ಅರೇಬಿಕಾ ಕೊಯ್ಲು ಮುಗಿದ ಮೇಲೆ, ಹೂಮಳೆ ಬೀಳುವ ಮುಂಚೆ ಈ ಕೆಲಸ ಮುಗಿಸಿ. ಆ ಹೊತ್ತಿಗೆ ಆಳುಗಳೆಲ್ಲ ರೊಬಸ್ಟಾ ಕೊಯ್ಲಿಗೆ ಹೋಗಿರುತ್ತಾರೆ ಎಂಬುದು ಗೊತ್ತು. ಮೇಸ್ತ್ರಿಗೆ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳಿ. ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷಾ ಮಳೆ ಕಳೆಯುವವರೆಗೆ ಸೀಲರ್ ಡಬ್ಬದ ಮುಚ್ಚಳ ತೆಗೆಯಲೇಬೇಡಿ. ಘಟ್ಟದ ಅಂಚಿನಷ್ಟು ಮಳೆ ನಮ್ಮ ಕಡೆ ಇಲ್ಲ ಎಂದು ವಾದ ಮಾಡುವವರು, ಆ ದಿನಗಳಲ್ಲಿ ಒಗೆದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಮನೆಯ ಹೆಂಗಸರನ್ನು ಕೇಳಲಿ. ಗೃಹಪ್ರವೇಶದ ಮುಹೂರ್ತಕ್ಕಾಗಿ ಹಸಿ ನೆಲಕ್ಕೆ ಸೀಲರ್ ಬಳಿಯಬೇಡಿ. ಬರಿ ಹೆಂಚಿನ ಮೇಲೆಯೇ ಪೂಜೆ ಮಾಡಿ, ಹೋಮಕುಂಡದ ಕೆಳಗೆ ಮರಳು, ಇಟ್ಟಿಗೆ ಹಾಸಿ. ಎಣ್ಣೆ, ಅರಿಶಿನ, ಕುಂಕುಮ ಬೀಳುವ ಜಾಗಕ್ಕೆ ದಪ್ಪ ಜಮಖಾನ ಇರಲಿ.

ನೆಲ ಒಣಗಿದೆಯೇ ಎಂದು ಅಂಗೈ ಇಟ್ಟು ಹೇಳಬೇಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಎತ್ತಿದಾಗ ಒಳಗೆ ಬೆವರಿದ್ದರೆ ಅಥವಾ ಹೆಂಚು ಕಪ್ಪಿಟ್ಟಿದ್ದರೆ ಇನ್ನೂ ಕಾಯಬೇಕು. ಅಡುಗೆಮನೆ, ಬಚ್ಚಲ ಪಕ್ಕದ ಕೋಣೆ, ಉತ್ತರದ ಮೂಲೆ, ಒಂದೊಂದರಲ್ಲೂ ಬೇರೆ ಬೇರೆಯಾಗಿ ನೋಡಿ.

ಸಂದು ತುಂಬುವುದು

ಸಂದು ತುಂಬುವ ಮೊದಲೇ ಹೆಂಚಿನ ಮುಖಕ್ಕೆ ಸೀಲರಿನ ತೆಳುವಾದ ಒಂದು ಕೈ ಕೊಡಿ. ಹೆಚ್ಚಿನವರು ಇದನ್ನು ತಿರುಗಾಮುರುಗ ಮಾಡುತ್ತಾರೆ. ಬರಿ ಹೆಂಚು ಸಿಮೆಂಟಿನ ನೀರನ್ನು ಹೀರಿಕೊಂಡುಬಿಟ್ಟರೆ ಎರಡು ನಷ್ಟ: ಸಂದಿನ ಗಾರೆ ನೀರಿಲ್ಲದೆ ಪುಡಿಪುಡಿಯಾಗುತ್ತದೆ, ಹೆಂಚಿನ ರಂಧ್ರದೊಳಗೆ ಸಿಮೆಂಟ್ ಕೂತು ಬೂದಿ ಬಳಿದ ಹಾಗೆ ಕಾಣುತ್ತದೆ. ಸೀಲರನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ, ಸುರಿಯಬೇಡಿ. ಸಂದಿನೊಳಗೆ, ಹೆಂಚಿನ ಪಕ್ಕಗಳಿಗೆ ಇಳಿದರೆ ಗಾರೆ ಕಚ್ಚುವುದಿಲ್ಲ.

ಕೈಯಲ್ಲಿ ಮಾಡಿದ ಹೆಂಚಿನ ಅಳತೆ ಒಂದರಂತೆ ಒಂದಿರುವುದಿಲ್ಲ. 6ರಿಂದ 10 ಮಿಲಿಮೀಟರ್ ಸಂದು ಬಿಡಲೇಬೇಕು. ವಿಟ್ರಿಫೈಡ್ ಟೈಲ್ಸಿನ ಹಾಗೆ ಕೂದಲೆಳೆ ಸಂದು ಬೇಕೆಂದು ಮೇಸ್ತ್ರಿಯನ್ನು ಕಾಡಬೇಡಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದು ತೊಳೆದ ನುಣುಪು ಮರಳು ಸಾಕು. ಮಾಮೂಲಿ ಟೈಲ್ಸಿಗೆ ಮಾಡುವಂತೆ ತೆಳ್ಳಗೆ ಕಲಸಿ ನೆಲದ ತುಂಬ ಹರಡಿ ಎಳೆಯಬೇಡಿ. ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲದಿಂದಲೋ ಸಣ್ಣ ಕರಣೆಯಿಂದಲೋ ಸಂದಿಗೆ ಮಾತ್ರ ತುಂಬಿ. ಮುಖದ ಮೇಲೆ ಬಿದ್ದದ್ದನ್ನು ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಆಗಲೇ ತೆಗೆಯಿರಿ. ಊಟ ಮಾಡಿ ಬಂದು ಒರೆಸುತ್ತೇನೆ ಎಂದವರ ನೆಲ ಬೆಳ್ಳಗಾಗಿರುತ್ತದೆ. ಬಕೆಟ್ಟಿನ ನೀರು ಮಜ್ಜಿಗೆಯಂತಾದ ಕೂಡಲೇ ಚೆಲ್ಲಿ ಹೊಸ ನೀರು ತೆಗೆದುಕೊಳ್ಳಿ.

ಬಣ್ಣಕ್ಕೆಂದು ಕಾವಿ ಪುಡಿ ಕಲಸುವುದಿದ್ದರೆ ಸಿಮೆಂಟಿನ ತೂಕದ ಹತ್ತರಲ್ಲೊಂದು ಪಾಲು ಮೀರಬಾರದು. ಒಣ ಪುಡಿಯನ್ನು ನೆಲದ ಮೇಲೆ ಉದುರಿಸಲೇಬಾರದು. ಎಪಾಕ್ಸಿ ಗ್ರೌಟ್ ಬೇಡ, ಹೆಂಚಿನ ರಂಧ್ರಕ್ಕೆ ಇಳಿದರೆ ಅದು ಮತ್ತೆ ಬರುವುದಿಲ್ಲ. ಮೂರು ದಿನ ಸಂದಿಗೆ ನೀರು ಚಿಮುಕಿಸಿ. ಆ ನೆಪದಲ್ಲಿ ಕಾಫಿ ಗೋಣಿ ನೆನೆಸಿ ಹೊದಿಸಬೇಡಿ. ಗೋಣಿಯ ಕಂದು ನೀರೂ ಅದರ ಮೇಲಿನ ಅಚ್ಚಿನ ಶಾಯಿಯೂ ಹೆಂಚಿಗೆ ಇಳಿಯುತ್ತವೆ.

ಆಸಿಡ್ ಬೇಡ

ಇದಕ್ಕೆ ವಿನಾಯಿತಿ ಇಲ್ಲ. ಸಿಮೆಂಟ್ ಕಲೆ ಹೋಗಲೆಂದು ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಅದು ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ತಿಂದು ಹುಟ್ಟಿಸಿದ ಉಪ್ಪು ಹೆಂಚಿನೊಳಗೆ ಇಳಿದು, ಒಣಗುವಾಗ ಬಿಳಿ ಪುಡಿಯಾಗಿ ಮೇಲೇಳುತ್ತದೆ. ಆ ಬಿಳುಪನ್ನು ಕಂಡು ಮತ್ತೆ ಆಸಿಡ್ ತರುವವರೂ ಇದ್ದಾರೆ! ಬಿಳಿ ಪುಡಿ ಕಂಡರೆ ಒಣ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ, ಗುಡಿಸಿ ತೆಗೆದು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಕರಗಿ ಒಳಗೇ ಹೋಗುತ್ತದೆ. ಬರುವುದು ನಿಲ್ಲುವವರೆಗೆ ಸೀಲರಿನ ಎರಡನೇ ಕೈ ಕೊಡಬೇಡಿ.

ಕೊನೆಯ ಕೈ

ಕನ್ನಡಿಯಂತೆ ಹೊಳೆಯುವ ಲ್ಯಾಕರ್, ವಾರ್ನಿಷ್, ಪಾಲಿಯುರೆಥೇನ್ ಕೋಟಿಂಗ್ ಬೇಡ. ಮಾರ್ಚಿನಲ್ಲಿ ಬಳಿದಾಗ ಚೆಂದ. ಮಳೆಗಾಲದಲ್ಲಿ ಕೆಳಗಿನ ಥಂಡಿ ಮೇಲೆ ಬರಲಾರದೆ ಪದರದಡಿ ಹಾಲಿನ ಬಣ್ಣ ಕಟ್ಟಿ ಸಿಪ್ಪೆ ಏಳುತ್ತದೆ. ಹೆಂಚಿನೊಳಗೆ ಇಳಿಯುವ ಸಿಲೇನ್-ಸಿಲಾಕ್ಸೇನ್ ಸೀಲರ್ ಕೊಳ್ಳಿ. ಅದು ನೀರನ್ನು ತಡೆಯುತ್ತದೆ, ಆವಿಯನ್ನು ಬಿಡುತ್ತದೆ. ಅಡುಗೆಮನೆಗೆ ಎಣ್ಣೆ ಕಲೆಯನ್ನೂ ತಡೆಯುವಂಥದ್ದೇ ಬೇಕೆಂದು ಅಂಗಡಿಯಲ್ಲಿ ಒತ್ತಿ ಕೇಳಿ. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳ್ಳಗೆ ಎರಡು ಸಲ ಹಚ್ಚಿ. ಒಣಗಿದ ಮೇಲೆ ನೀರಿನ ಹನಿ ಹಾಕಿ: ಕೆಲವು ನಿಮಿಷ ಮಣಿಯಾಗಿ ನಿಂತರೆ ಸರಿ, ಹೆಂಚು ಕಪ್ಪಾದರೆ ಇನ್ನೊಂದು ಕೈ ಬೇಕು.

ಹಳೆಯ ಪದ್ಧತಿಯ ಅಗಸೆ ಎಣ್ಣೆಯೇ ಇಷ್ಟವೆನ್ನುವವರನ್ನು ತಡೆಯುವುದಿಲ್ಲ. ಅದರ ಕೆಂಪಿನ ಆಳ ಸೀಲರಿಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯವೂ ಹೌದು. ಒಣ ಕೋಣೆಗೆ ಮಾತ್ರ ಹಚ್ಚಿ. ಥಂಡಿ ಕೋಣೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಬಣ್ಣದಂಗಡಿಯಲ್ಲಿ ಸಿಗುವ ಕಾಯಿಸಿದ ಎಣ್ಣೆಯನ್ನೇ ತಂದು ಮೊದಲ ಕೈಗೆ ಅಷ್ಟೇ ಟರ್ಪಂಟೈನ್ ಬೆರೆಸಿ. ಉಳಿದುಕೊಂಡ ಎಣ್ಣೆಯನ್ನು ಕಾಲು ಗಂಟೆಯೊಳಗೆ ಒರೆಸದಿದ್ದರೆ ನೆಲ ಅಂಟಂಟಾಗಿ ಧೂಳು ಹಿಡಿಯುತ್ತದೆ. ತೆಂಗಿನೆಣ್ಣೆ, ಹರಳೆಣ್ಣೆ ಹಚ್ಚಬೇಡಿ, ಅವು ಒಣಗುವ ಎಣ್ಣೆಗಳೇ ಅಲ್ಲ. ಸೀಲರ್ ಹಚ್ಚಿದ ನೆಲಕ್ಕೆ ಎಣ್ಣೆ ಇಳಿಯುವುದಿಲ್ಲ, ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಎಣ್ಣೆ ಆರಿಸಿದವರು ಸಂದು ತುಂಬುವ ಮುಂಚಿನ ಕೈಯನ್ನೂ ಎಣ್ಣೆಯಲ್ಲೇ ಕೊಡಬೇಕು.

ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಬೇಡಿ. ಒಣಗುವಾಗ ಅದು ತಾನೇ ಬಿಸಿಯೇರಿ, ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡಿ, ಅಥವಾ ಹೊರಗೆ ಬಿಡಿಸಿ ಒಂದೊಂದಾಗಿ ಹರವಿ. ಕಾಫಿ ಗೋದಾಮು, ಸೌದೆ ಕೊಟ್ಟಿಗೆಯ ಹತ್ತಿರ ಒಯ್ಯಲೇಬೇಡಿ. ಟರ್ಪಂಟೈನ್ ಬಳಸುವ ಹೊತ್ತು ಕಿಟಕಿ ಬಾಗಿಲು ತೆರೆದಿರಲಿ. ಒಲೆ, ದೀಪ, ಬೀಡಿ ಆರಿರಲಿ.

ಜೇನುಮೇಣದ ಪಾಲಿಶ್ ಕೋಣೆಗಳಿಗೆ ಸರಿ. ಜಗಲಿಗೆ, ಮೆಟ್ಟಿಲಿಗೆ, ಬಚ್ಚಲಿಗೆ ಬೇಡ, ಒದ್ದೆ ಕಾಲು ಜಾರುತ್ತದೆ.

ಆಮೇಲೆ

ಮಳೆಗಾಲದಲ್ಲಿ ತೋಟದಿಂದ ಬಂದವರು ಜಗಲಿಯಲ್ಲಿ ನಿಂತು ಇಂಬಳಕ್ಕೆ ಉಪ್ಪು ಉದುರಿಸುವುದು ನಮ್ಮೆಲ್ಲರ ಅಭ್ಯಾಸ. ಹೆಂಚಿನ ಜಗಲಿಯ ಮೇಲೆ ಇದನ್ನು ನಿಲ್ಲಿಸಿ. ಉಪ್ಪು ನೀರಾಗಿ ಒಳಗಿಳಿದು, ಒಣಗಿದಾಗ ಹರಳುಗಟ್ಟಿ ಹೆಂಚಿನ ಮೇಲ್ಪದರವನ್ನು ಸಿಡಿಸುತ್ತದೆ. ಉಪ್ಪಿನ ಡಬ್ಬ, ಗಂಬೂಟು ಎರಡೂ ಅಂಗಳದ ಕಲ್ಲಿನ ಮೇಲಿರಲಿ. ಹೋಂಸ್ಟೇಯವರು ಈ ಸಾಲನ್ನು ಅತಿಥಿಗಳಿಗೂ ಕಾಣುವಂತೆ ಅಂಟಿಸಬೇಕು.

ಅಡಿಯಲ್ಲಿ ರಬ್ಬರಿರುವ ಮ್ಯಾಟ್ ಹಾಸಬೇಡಿ. ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯಬೇಡಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ. ಪ್ರತಿ ಫೆಬ್ರವರಿಯಲ್ಲಿ ನೀರಿನ ಹನಿ ಹಾಕಿ ನೋಡಿ, ಹೀರಿದ ಕಡೆ ಮಾತ್ರ ಮತ್ತೆ ಒಂದು ಕೈ ಕೊಡಿ.

ಅಡಿಪಾಯದಿಂದಲೇ ಥಂಡಿ ಏರುವ ಹಳೆಯ ಮನೆಗಳವರು ಯಾವ ಸೀಲರನ್ನೂ ಹಚ್ಚದಿರುವುದು ಲೇಸು. ಅಲ್ಲಿ ಮೊದಲು ಗೋಡೆಯ ಬುಡದ ಚರಂಡಿ ತೋಡಿಸಿ, ಸೂರಿನ ನೀರು ಪಂಚಾಂಗದಿಂದ ದೂರ ಹೋಗುವಂತೆ ಮಾಡಿಸಿ. ನೆಲದ ಮಾತು ಮುಂದಿನ ವರ್ಷ.